ಹೃದಯದ ಮಿಡಿತ: ಖನಿಜಗಳು ಮತ್ತು ಮನಸ್ಸಿನ ಒತ್ತಡ

ಕೆಲವು ವರ್ಷಗಳ ಹಿಂದೆ ನಿವೃತ್ತ ಶಿಕ್ಷಕರೊಬ್ಬರು ನಮ್ಮ ಚಿಕಿತ್ಸಾಲಯಕ್ಕೆ ಬಂದರು. ವಯಸ್ಸು ಅರವತ್ತೆಂಟು. ಎರಡೂ ಕಾಲುಗಳಲ್ಲಿ ಬಾವು, ತೊಡೆಗಳಲ್ಲಿ ಬಲಹೀನತೆ, ಎದೆಯಲ್ಲಿ ಆಗಾಗ ಮಿಡಿತ ತಪ್ಪಿದಂತಹ ಅನುಭವ. ರಕ್ತದೊತ್ತಡ 170/100 ಇದ್ದಿತು. "ಸಾಹೇಬ್ರ, ಉಪ್ಪು ಅರ್ಧಕ್ಕರ್ಧ ಬಿಟ್ಟೇನ್ರಿ. ಗುಳಿಗಿ ಒಂದಿನಾನೂ ತಪ್ಪಿಸಿಲ್ಲ. ಆದ್ರೂ ಬಿ.ಪಿ. ಯಾಕ ಇಳೀವಲ್ದು?" ಎಂದು ಕೇಳಿದರು. ರಕ್ತ ಪರೀಕ್ಷೆ ಮಾಡಿಸಿದಾಗ ಪೊಟ್ಯಾಸಿಯಂ ಪ್ರಮಾಣ 2.8ಕ್ಕೆ ಇಳಿದಿತ್ತು, ಇದು 3.5ರಿಂದ 5ರೊಳಗೆ ಇರಬೇಕು. ಅಂದೇ ಅವರನ್ನು ಹೃದ್ರೋಗ ತಜ್ಞರ ಬಳಿಗೆ ಕಳುಹಿಸಿದೆವು.

ಉಪ್ಪನ್ನು ಬಿಟ್ಟವರಿಗೂ ರಕ್ತದೊತ್ತಡ ಏಕೆ ಏರಿತು? ಪೊಟ್ಯಾಸಿಯಂ ಎಲ್ಲಿಗೆ ಹೋಯಿತು? ಈ ಪ್ರಶ್ನೆಗಳಿಗೆ ಉತ್ತರ ದೊರೆಯಬೇಕಾದರೆ ಹೃದಯವು ಯಾವುದರ ಬಲದಿಂದ ಮಿಡಿಯುತ್ತದೆ ಎಂಬುದನ್ನು ಮೊದಲು ಅರಿಯಬೇಕು.

ಮಿಡಿತಕ್ಕೆ ಆಧಾರವಾದ ನಾಲ್ಕು ಖನಿಜಗಳು

ನಮ್ಮ ಹೃದಯವು ದಿನವೊಂದಕ್ಕೆ ಸುಮಾರು ಒಂದು ಲಕ್ಷ ಬಾರಿ ಮಿಡಿಯುತ್ತದೆ. ನಾವು ಸುಮ್ಮನೆ ಕುಳಿತಿರುವಾಗಲೂ ನಿಮಿಷಕ್ಕೆ ಸುಮಾರು ಐದು ಲೀಟರ್ ರಕ್ತವನ್ನು ದೇಹದ ತುಂಬ ಹರಿಸುತ್ತದೆ. ಈ ಕಾರ್ಯದಲ್ಲಿ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮತ್ತು ಮ್ಯಾಗ್ನೀಸಿಯಂ ಎಂಬ ನಾಲ್ಕು ಖನಿಜಗಳ ಪಾತ್ರ ಹಿರಿದು.

ಇವುಗಳ ಮಹತ್ವ ತಿಳಿದುಬಂದದ್ದು ಒಂದು ಆಕಸ್ಮಿಕದಿಂದ. 1880ರ ದಶಕದ ಆರಂಭದಲ್ಲಿ ಲಂಡನ್ನಿನ ವೈದ್ಯ ಸಿಡ್ನಿ ರಿಂಗರ್ ಅವರು ಕಪ್ಪೆಯ ಹೃದಯವನ್ನು ಉಪ್ಪುನೀರಿನಲ್ಲಿರಿಸಿ ಪ್ರಯೋಗ ನಡೆಸುತ್ತಿದ್ದರು. ಹೃದಯ ಚೆನ್ನಾಗಿ ಮಿಡಿಯುತ್ತಿತ್ತು. ಆ ದ್ರಾವಣವನ್ನು ಭಟ್ಟಿಯಿಳಿಸಿದ ಶುದ್ಧ ನೀರಿನಿಂದ ಸಿದ್ಧಪಡಿಸಲಾಗಿದೆ ಎಂದು ಅವರು ನಂಬಿದ್ದರು. ಆದರೆ ಅದಕ್ಕೆ ನಲ್ಲಿಯ ನೀರನ್ನು ಬಳಸಲಾಗಿತ್ತೆಂದು ಅನಂತರ ತಿಳಿಯಿತು. ನಿಜವಾಗಿಯೂ ಭಟ್ಟಿಯಿಳಿಸಿದ ನೀರನ್ನು ಬಳಸಿದಾಗ ಮಿಡಿತ ಕುಗ್ಗುತ್ತ ಬಂದು ನಿಂತಿತು. ನಲ್ಲಿಯ ನೀರಿನಲ್ಲಿ ಕರಗಿದ್ದ ಕ್ಯಾಲ್ಸಿಯಂ ಹೃದಯವನ್ನು ನಡೆಸಿತ್ತು.

ಹೃದಯದ ಪ್ರತಿಯೊಂದು ಜೀವಕೋಶದ ಒಳಗೆ ಪೊಟ್ಯಾಸಿಯಂ ಅಧಿಕವಾಗಿಯೂ ಹೊರಗೆ ಸೋಡಿಯಂ ಅಧಿಕವಾಗಿಯೂ ಇರುತ್ತದೆ. ಈ ವ್ಯತ್ಯಾಸದಿಂದಲೇ ಮಿಡಿತಕ್ಕೆ ಬೇಕಾದ ವಿದ್ಯುತ್ ಹುಟ್ಟುತ್ತದೆ. ಸೋಡಿಯಂ ಒಳನುಗ್ಗಿದಾಗ ಕೋಶ ಎಚ್ಚರಗೊಳ್ಳುತ್ತದೆ. ಕ್ಯಾಲ್ಸಿಯಂ ಒಳಬಂದಾಗ ಸ್ನಾಯು ಸಂಕೋಚಗೊಂಡು ರಕ್ತವನ್ನು ತಳ್ಳುತ್ತದೆ. ಪೊಟ್ಯಾಸಿಯಂ ಹೊರಹೋದಾಗ ಕೋಶ ವಿಶ್ರಾಂತಿಗೆ ಮರಳುತ್ತದೆ. ಬಳಿಕ ಕೋಶದ ಗೋಡೆಯಲ್ಲಿರುವ ಪಂಪು ಮೂರು ಸೋಡಿಯಂ ಕಣಗಳನ್ನು ಹೊರಹಾಕಿ, ಎರಡು ಪೊಟ್ಯಾಸಿಯಂ ಕಣಗಳನ್ನು ಒಳತರುತ್ತದೆ. ಈ ಪಂಪು ನಡೆಯಲು ಮ್ಯಾಗ್ನೀಸಿಯಂ ಬೇಕು. ಅದರ ಕೊರತೆಯಿದ್ದವರಿಗೆ ಎಷ್ಟು ಪೊಟ್ಯಾಸಿಯಂ ಕೊಟ್ಟರೂ ದೇಹದಲ್ಲಿ ನಿಲ್ಲುವುದು ಕಷ್ಟ.

ಆದುದರಿಂದ ಪೊಟ್ಯಾಸಿಯಂ ಕಡಿಮೆಯಾದರೂ ಮಿಡಿತದ ಲಯ ತಪ್ಪುತ್ತದೆ, ಹೆಚ್ಚಾದರೂ ತಪ್ಪುತ್ತದೆ. ಮಿತಿಮೀರಿ ಹೆಚ್ಚಾದರೆ ಹೃದಯ ನಿಂತೇ ಹೋಗಬಹುದು.

ಒತ್ತಡದ ಹಾರ್ಮೋನುಗಳು

ಎರಡೂ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಪುಟ್ಟ ಗ್ರಂಥಿಗಳಿವೆ. ಇವೇ ಅಡ್ರಿನಲ್ ಗ್ರಂಥಿಗಳು. ಭಯ, ಸಿಟ್ಟು, ಆಘಾತ ಒದಗಿದ ಕೂಡಲೇ ಇವು ಅಡ್ರಿನಲಿನ್ ಎಂಬ ಹಾರ್ಮೋನನ್ನು ಸ್ರವಿಸುತ್ತವೆ. ಅದು ಹೃದಯದ ಕೋಶಗಳೊಳಗೆ ಹೆಚ್ಚು ಕ್ಯಾಲ್ಸಿಯಂ ಬರುವಂತೆ ಮಾಡುವುದರಿಂದ ಮಿಡಿತದ ವೇಗವೂ ಬಲವೂ ಏರುತ್ತವೆ. ಚರ್ಮ ಮತ್ತು ಕರುಳಿನ ರಕ್ತನಾಳಗಳು ಕಿರಿದಾಗುತ್ತವೆ. ಹೆದರಿದವರ ಮುಖ ಬಿಳಿಚಿಕೊಳ್ಳುವುದು, ಕೈ ತಣ್ಣಗಾಗುವುದು ಇದರಿಂದಲೇ. ಅದೇ ವೇಳೆಗೆ ರಕ್ತದಲ್ಲಿರುವ ಪೊಟ್ಯಾಸಿಯಂನ ಒಂದಂಶ ಕೋಶಗಳೊಳಗೆ ಸರಿದು, ರಕ್ತದಲ್ಲಿ ಅದರ ಮಟ್ಟ ತುಸು ಇಳಿಯುತ್ತದೆ. ಮೊದಲೇ ಪೊಟ್ಯಾಸಿಯಂ ಕೊರತೆಯಿರುವವರಿಗೆ ಒಂದು ದೊಡ್ಡ ಸಿಟ್ಟೂ ಅಪಾಯಕಾರಿಯಾಗಬಹುದಾದುದು ಈ ಕಾರಣದಿಂದ.

ಎರಡನೆಯದು ಕಾರ್ಟಿಸಾಲ್. ಚಿಂತೆ ದಿನಗಟ್ಟಲೆ, ತಿಂಗಳುಗಟ್ಟಲೆ ಮುಂದುವರಿದರೆ ಇದರ ಪ್ರಮಾಣ ಏರಿಯೇ ಇರಬಹುದು. ಇದು ರಕ್ತದಲ್ಲಿ ಸಕ್ಕರೆಯನ್ನು ಹೆಚ್ಚಿಸುತ್ತದೆ. ರಕ್ತನಾಳಗಳು ಅಡ್ರಿನಲಿನ್‌ಗೆ ಇನ್ನೂ ಬಲವಾಗಿ ಸ್ಪಂದಿಸುವಂತೆ ಮಾಡುತ್ತದೆ. ಮೂರನೆಯದು ಅಲ್ಡೊಸ್ಟಿರೋನ್. ಸೋಡಿಯಂ ಅನ್ನು ದೇಹದಲ್ಲಿ ಉಳಿಸಿಕೊಂಡು ಪೊಟ್ಯಾಸಿಯಂ ಅನ್ನು ಮೂತ್ರದಲ್ಲಿ ಹೊರಹಾಕುವಂತೆ ಮೂತ್ರಪಿಂಡಕ್ಕೆ ಆಜ್ಞೆ ನೀಡುವುದು ಇದರ ಕೆಲಸ.

ಕಾರ್ಟಿಸಾಲ್ ಕೂಡ ಅಲ್ಡೊಸ್ಟಿರೋನ್‌ನಂತೆಯೇ ಮೂತ್ರಪಿಂಡಕ್ಕೆ ಆಜ್ಞೆ ನೀಡಬಲ್ಲುದು. ರಕ್ತದಲ್ಲಿ ಅದರ ಪ್ರಮಾಣ ಅಲ್ಡೊಸ್ಟಿರೋನ್‌ಗಿಂತ ನೂರಾರು ಪಟ್ಟು ಅಧಿಕ. ಅದನ್ನು ತಡೆಯಲು ಮೂತ್ರಪಿಂಡದಲ್ಲಿ ಒಂದು ಕಿಣ್ವವಿದೆ. ಬಾಗಿಲು ಕಾಯುವವನಂತೆ ನಿಂತು, ಬಂದ ಕಾರ್ಟಿಸಾಲ್ ಅನ್ನು ಅದು ನಿಷ್ಕ್ರಿಯಗೊಳಿಸುತ್ತದೆ.

ಶಿಕ್ಷಕರಿಗೆ ಆದದ್ದೇನು?

ಮೂರೂವರೆ ತಿಂಗಳ ಹಿಂದೆ ಆ ಶಿಕ್ಷಕರು ಒಣಕೆಮ್ಮಿಗಾಗಿ ನಮ್ಮಲ್ಲಿಗೇ ಬಂದಿದ್ದರು. ನಾವು ಯಷ್ಟಿಮಧು ಚೂರ್ಣವನ್ನು ಜೇನುತುಪ್ಪದೊಡನೆ ಸೇವಿಸಲು ಹೇಳಿದ್ದೆವು. ಜ್ಯೇಷ್ಠಮಧು, ಅತಿಮಧುರ ಎಂದು ನಮ್ಮ ಮನೆಗಳಲ್ಲಿ ಕರೆಯುವುದು ಇದನ್ನೇ. ಹದಿನೈದು ದಿನಗಳಲ್ಲಿ ಕೆಮ್ಮು ನಿಂತಿತು. ಗಂಟಲಿಗೆ ಹಿತವೆನಿಸಿದ್ದರಿಂದ ಅವರು ಗ್ರಂಥಿಗೆ ಅಂಗಡಿಯಿಂದ ಚೂರ್ಣವನ್ನು ತರಿಸಿಕೊಂಡು, ಅಳತೆಯಿಲ್ಲದೆ ದಿನಕ್ಕೆ ಮೂರು ನಾಲ್ಕು ಬಾರಿ ಸೇವಿಸುತ್ತಲೇ ಇದ್ದರು.

ಯಷ್ಟಿಮಧುವಿನ ಸಿಹಿಗೆ ಕಾರಣವಾದ ಗ್ಲಿಸಿರೈಜಿನ್ ಎಂಬ ಅಂಶವು ಮೇಲೆ ಹೇಳಿದ ಬಾಗಿಲುಗಾವಲಿನ ಕಿಣ್ವವನ್ನು ಕಟ್ಟಿಹಾಕುತ್ತದೆ. ಆಗ ಕಾರ್ಟಿಸಾಲ್ ತಡೆಯಿಲ್ಲದೆ ಮೂತ್ರಪಿಂಡಕ್ಕೆ ಆಜ್ಞೆ ಮಾಡತೊಡಗುತ್ತದೆ. ಸೋಡಿಯಂ ಮತ್ತು ನೀರು ದೇಹದಲ್ಲಿ ನಿಲ್ಲುತ್ತವೆ. ಪೊಟ್ಯಾಸಿಯಂ ಹೊರಗೆ ಹರಿದುಹೋಗುತ್ತದೆ. 1940ರ ದಶಕದಲ್ಲಿ ನೆದರ್ಲೆಂಡ್ಸ್‌ನ ವೈದ್ಯ ರೆವರ್ಸ್ ಅವರು ಜಠರದ ಹುಣ್ಣಿಗೆ ಇದೇ ಬೇರಿನ ಸಾರವನ್ನು ಕೊಟ್ಟಾಗ ಹುಣ್ಣು ಗುಣವಾಗುತ್ತಿದ್ದರೂ ಕೆಲವರಿಗೆ ಬಾವು ಬರುವುದನ್ನು ಗುರುತಿಸಿದ್ದರು. ನಮ್ಮ ಶಿಕ್ಷಕರು ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆಯನ್ನೂ ಸೇವಿಸುತ್ತಿದ್ದರು. ಅದೂ ಪೊಟ್ಯಾಸಿಯಂ ಅನ್ನು ಹೊರಹಾಕುವಂಥದೇ. ಎರಡೂ ಸೇರಿ ಹೃದಯದ ಲಯವನ್ನು ಕೆಡಿಸಿದವು. ಚೂರ್ಣವನ್ನು ನಿಲ್ಲಿಸಿ, ತಜ್ಞರು ಪೊಟ್ಯಾಸಿಯಂ ಪೂರೈಸಿದ ಮೇಲೆ ಕೆಲವು ವಾರಗಳಲ್ಲಿ ಅವರು ಚೇತರಿಸಿಕೊಂಡರು.

ಇದರಲ್ಲಿ ಅವರ ತಪ್ಪಿಗಿಂತ ನಮ್ಮ ತಪ್ಪೇ ದೊಡ್ಡದು. ಎಷ್ಟು ದಿನ ಸೇವಿಸಬೇಕೆಂದು ಚೀಟಿಯಲ್ಲಿ ಬರೆಯಲಿಲ್ಲ. ಬೇರೆ ಯಾವ ಗುಳಿಗೆಗಳನ್ನು ಸೇವಿಸುತ್ತೀರಿ ಎಂದು ಕೇಳಲಿಲ್ಲ. ಯಷ್ಟಿಮಧು ಉತ್ತಮ ಔಷಧಿಯೆಂಬುದರಲ್ಲಿ ಸಂಶಯವಿಲ್ಲ. ಆದರೆ ಮಾತ್ರೆ ಮತ್ತು ಕಾಲ ಮೀರಿದ ಔಷಧಿ ಔಷಧಿಯಾಗಿ ಉಳಿಯದು. "ಆಯುರ್ವೇದದ್ದಲ್ಲವೇ, ಏನೂ ಆಗದು" ಎಂಬ ಮಾತನ್ನು ನಾವು ಅಂದಿನಿಂದ ಯಾರ ಬಾಯಲ್ಲಿ ಕೇಳಿದರೂ ತಿದ್ದುತ್ತಿದ್ದೇವೆ.

ಆಹಾರದಲ್ಲಿ ಗಮನಿಸಬೇಕಾದುದು

ಪಿಪ್ಪಲಿ, ಕ್ಷಾರ ಮತ್ತು ಲವಣ ಎಂಬ ಮೂರನ್ನು ಅತಿಯಾಗಿ ಬಳಸಬಾರದೆಂದು ಚರಕಸಂಹಿತೆ ಎಚ್ಚರಿಸಿದೆ. ಇಂದಿನ ವಿಶ್ವ ಆರೋಗ್ಯ ಸಂಸ್ಥೆಯ ಸಲಹೆಯಂತೆ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು ಸಾಕು, ಎಂದರೆ ಒಂದು ಚಹಾ ಚಮಚದಷ್ಟು. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಚಟ್ನಿಪುಡಿ, ಉಪ್ಪುಮೆಣಸಿನಕಾಯಿ, ಅಂಗಡಿಯ ಖಾರದ ತಿನಿಸುಗಳೂ ಈ ಲೆಕ್ಕದಲ್ಲಿ ಸೇರಬೇಕು. ಸೈಂಧವ ಲವಣವನ್ನು ಎಷ್ಟು ತಿಂದರೂ ಬಾಧೆಯಿಲ್ಲ ಎಂಬ ನಂಬಿಕೆಯಿದೆ. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ ಆದ್ದರಿಂದ ಅದಕ್ಕೂ ಇದೇ ಮಿತಿ ಸಲ್ಲುತ್ತದೆ.

ಪೊಟ್ಯಾಸಿಯಂ ದಿನಕ್ಕೆ ಸುಮಾರು 3.5 ಗ್ರಾಂ ಬೇಕು. ಹೆಸರು, ಹುರುಳಿ, ತೊಗರಿ, ಸೊಪ್ಪಿನ ಪಲ್ಯ, ಬಾಳೆಹಣ್ಣು, ಎಳನೀರುಗಳಲ್ಲಿ ಅದು ದೊರೆಯುತ್ತದೆ. ಕಾಳು, ಬೇಳೆ ಬೇಯಿಸಿದ ನೀರಿಗೆ ಪೊಟ್ಯಾಸಿಯಂನ ಒಂದು ಪಾಲು ಇಳಿದಿರುತ್ತದೆ. ಆ ನೀರನ್ನು ಚೆಲ್ಲದೆ ಕಟ್ಟಿನ ಸಾರು ಮಾಡುವ ನಮ್ಮ ತಾಯಂದಿರ ಪದ್ಧತಿ ಅರ್ಥಪೂರ್ಣವಾದುದು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಎಳ್ಳು, ಗುರೆಳ್ಳು, ಶೇಂಗಾ, ಜೋಳ ಮ್ಯಾಗ್ನೀಸಿಯಂ ಒದಗಿಸುತ್ತವೆ.

ಆದರೆ ಮೂತ್ರಪಿಂಡದ ಕಾಯಿಲೆ ಇರುವವರಿಗೆ ಈ ಮಾತು ಅನ್ವಯಿಸದು. ಅವರ ದೇಹದಿಂದ ಪೊಟ್ಯಾಸಿಯಂ ಸುಲಭವಾಗಿ ಹೊರಹೋಗುವುದಿಲ್ಲ. ಟೆಲ್ಮಿಸಾರ್ಟಾನ್, ಸ್ಪೈರೊನೊಲ್ಯಾಕ್ಟೋನ್‌ನಂತಹ ಗುಳಿಗೆ ಸೇವಿಸುವವರಲ್ಲೂ ಅದು ಹೆಚ್ಚಾಗುವ ಸಂಭವವಿದೆ. ಇವರು ದಿನವೂ ಎಳನೀರು ಕುಡಿಯುವ ಮುನ್ನ ವೈದ್ಯರನ್ನು ಕೇಳಬೇಕು. 'ಕಡಿಮೆ ಸೋಡಿಯಂ ಉಪ್ಪು' ಎಂದು ಮಾರುವ ಉಪ್ಪಿನಲ್ಲಿ ಸಾಮಾನ್ಯವಾಗಿ ಪೊಟ್ಯಾಸಿಯಂ ಕ್ಲೋರೈಡ್ ಬೆರೆಸಿರುತ್ತಾರೆ. ಚೀನಾದ 600 ಹಳ್ಳಿಗಳಲ್ಲಿ ನಡೆದು 2021ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಇಂತಹ ಉಪ್ಪಿನಿಂದ ಪಾರ್ಶ್ವವಾಯು ಕಡಿಮೆಯಾದುದು ಕಂಡುಬಂದಿದೆ. ಆದರೆ ಗಂಭೀರ ಮೂತ್ರಪಿಂಡದ ಕಾಯಿಲೆಯುಳ್ಳವರನ್ನು ಆ ಅಧ್ಯಯನಕ್ಕೆ ಸೇರಿಸಿಕೊಂಡಿರಲಿಲ್ಲ. ಮನೆಯಲ್ಲಿ ಅಂತಹ ರೋಗಿಯಿದ್ದರೆ ಇದನ್ನು ಅಡುಗೆಗೆ ಬಳಸಬೇಡಿರಿ.

ಮನಸ್ಸಿನ ಪಥ್ಯ

ಹೃದಯವನ್ನೂ ಓಜಸ್ಸನ್ನೂ ಕಾಪಾಡಿಕೊಳ್ಳಬಯಸುವವನು ಮನಸ್ಸಿಗೆ ದುಃಖ ತರುವ ಕಾರಣಗಳನ್ನು ವಿಶೇಷವಾಗಿ ದೂರವಿಡಬೇಕೆಂಬುದು ಚರಕರ ಅಭಿಪ್ರಾಯ. 1990ರಲ್ಲಿ ಜಪಾನಿನ ವೈದ್ಯರು ಟಾಕೊತ್ಸುಬೊ ಎಂಬ ಹೃದಯದ ವ್ಯಾಧಿಯನ್ನು ವಿವರಿಸಿದರು. ಆಪ್ತರ ಮರಣದಂತಹ ಆಘಾತದ ನಂತರ ರಕ್ತನಾಳದಲ್ಲಿ ಅಡ್ಡಿಯಿಲ್ಲದೆಯೂ ಹೃದಯದ ಸ್ನಾಯು ಹಠಾತ್ತನೆ ದುರ್ಬಲವಾಗುತ್ತದೆ. ಮುಟ್ಟು ನಿಂತ ಮಹಿಳೆಯರಲ್ಲಿ ಇದು ಹೆಚ್ಚು. ದುಃಖ ಹೃದಯವನ್ನು ತಟ್ಟುತ್ತದೆ ಎಂಬುದು ಕೇವಲ ಮಾತಲ್ಲ.

ಬದುಕಿನಲ್ಲಿ ದುಃಖವೇ ಬಾರದಂತೆ ಮಾಡುವುದು ಯಾರಿಗೂ ಸಾಧ್ಯವಿಲ್ಲ. ಉಸಿರನ್ನು ನಿಧಾನಗೊಳಿಸುವುದು ಸಾಧ್ಯ. ಜಪಮಾಲೆಯ ಪ್ರಾರ್ಥನೆ ಮತ್ತು ಮಂತ್ರಪಠನಗಳೆರಡೂ ಉಸಿರಾಟವನ್ನು ನಿಮಿಷಕ್ಕೆ ಸುಮಾರು ಆರಕ್ಕೆ ಇಳಿಸುತ್ತವೆ, ಆಗ ರಕ್ತದೊತ್ತಡವನ್ನು ಹತೋಟಿಯಲ್ಲಿಡುವ ನರವ್ಯವಸ್ಥೆ ಚುರುಕಾಗುತ್ತದೆ ಎಂದು 2001ರಲ್ಲಿ ಇಟಲಿಯ ವೈದ್ಯರು ತೋರಿಸಿದರು. ಬೆಳಗ್ಗೆ, ಸಂಜೆ ಹತ್ತು ನಿಮಿಷ ಅವಸರವಿಲ್ಲದೆ ಜಪಕ್ಕೆ ಕುಳಿತರೂ ಹೃದಯಕ್ಕೆ ವಿಶ್ರಾಂತಿ ದೊರೆಯುತ್ತದೆ. ಅದರೊಡನೆ ಏಳು ಗಂಟೆಯ ನಿದ್ರೆ, ದಿನವೂ ಅರ್ಧ ಗಂಟೆಯ ನಡಿಗೆ ಇರಲಿ. ಇದಾವುದೂ ಗುಳಿಗೆಗೆ ಬದಲಾಗಲಾರದು. ರಕ್ತದೊತ್ತಡದ ಗುಳಿಗೆಯನ್ನು ತಾವಾಗಿ ನಿಲ್ಲಿಸಬಾರದು. ಎದೆನೋವು, ಉಸಿರುಗಟ್ಟುವಿಕೆ, ತಲೆಸುತ್ತಿ ಬೀಳುವಿಕೆ ಕಂಡುಬಂದರೆ ಕಷಾಯ ಕಾಯಿಸುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಶಿರಸ್ಸು, ಹೃದಯ, ಬಸ್ತಿ ಎಂಬ ಮೂರನ್ನು ಆಯುರ್ವೇದವು ಮಹಾಮರ್ಮಗಳೆಂದು ಎಣಿಸಿದೆ. ಚಿಂತೆ ಶಿರಸ್ಸಿನಲ್ಲಿ ಹುಟ್ಟುತ್ತದೆ, ಖನಿಜಗಳ ಲೆಕ್ಕ ಮೂತ್ರಪಿಂಡದಲ್ಲಿ ನಡೆಯುತ್ತದೆ, ಎರಡರ ಫಲವನ್ನೂ ಹೃದಯ ಉಣ್ಣುತ್ತದೆ. ಆದುದರಿಂದ ಮುಂದಿನ ಬಾರಿ ವೈದ್ಯರಲ್ಲಿಗೆ ಹೋಗುವಾಗ ತಾವು ಸೇವಿಸುವ ಎಲ್ಲ ಗುಳಿಗೆ, ಚೂರ್ಣ, ಕಷಾಯಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿರಿ. ಅವರು ಕೇಳದಿದ್ದರೂ ತೋರಿಸಿರಿ. ಆ ಶಿಕ್ಷಕರು ಈಗಲೂ ನಮ್ಮಲ್ಲಿಗೆ ಬರುತ್ತಾರೆ. ಕುಳಿತುಕೊಳ್ಳುವ ಮೊದಲೇ ಚೀಲವನ್ನು ನಮ್ಮ ಮೇಜಿನ ಮೇಲೆ ಸುರಿಯುತ್ತಾರೆ.