ಮದುವೆ ಕಾಗದಕ್ಕೊಂದು ವೆಬ್‌ಸೈಟ್: ಫಾರ್ಮ್‌ನಿಂದ ಪ್ರೂಫ್‌ವರೆಗೆ

ಮಿನಿ ಪ್ರಾಜೆಕ್ಟ್ ಅಂದಕೂಡಲೇ ನಾವೆಲ್ಲ ಲೈಬ್ರರಿ ಮ್ಯಾನೇಜ್‌ಮೆಂಟ್, ಅಟೆಂಡೆನ್ಸ್ ಆ್ಯಪ್ ಅಂತ ಅಲ್ಲಲ್ಲೇ ಸುತ್ತುತ್ತೇವೆ. ಈ ಸಲ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಯ ಪ್ರಿಂಟಿಂಗ್ ಪ್ರೆಸ್ಸುಗಳಿಗೆ ಉಪಯೋಗಕ್ಕೆ ಬರುವಂಥದ್ದೊಂದನ್ನು ನೋಡೋಣ: ಮದುವೆ ಕಾಗದ ಆರ್ಡರ್ ಮಾಡುವ ವೆಬ್‌ಸೈಟ್. ಕಾರ್ಟ್, ಪೇಮೆಂಟ್ ಎಲ್ಲ ರೆಡಿಮೇಡ್ ಸಿಗುತ್ತದೆ. ಕಷ್ಟ ಇರುವುದು ಹೆಸರುಗಳಲ್ಲಿ. 500 ಪ್ರತಿ ಅಚ್ಚಾದ ಮೇಲೆ ಅನ್‌ಡೂ ಬಟನ್ ಇಲ್ಲ.

ಫಾರ್ಮ್

ಫಸ್ಟ್ ನೇಮ್, ಲಾಸ್ಟ್ ನೇಮ್ ಎಂಬ ಎರಡು ಕಾಲಂ ಇಲ್ಲಿ ಸಾಲದು. ಹೆಸರಿಗೆ ಮೊದಲು ಚಿ|| ರಾ|| ಅಥವಾ ಚಿ|| ಸೌ||, ಜೊತೆಗೆ ಗುತ್ತು, ಬೀಡು, ಬರ್ಕೆ ಎಂಬ ಮನೆತನದ ಗುರುತು. ಅಳಿಯಸಂತಾನದ ಕುಟುಂಬಗಳಲ್ಲಿ ಮನೆತನ ಬರುವುದು ತಾಯಿಯ ಕಡೆಯಿಂದ. ತಂದೆಯ ಹೆಸರು ನೋಡಿ ಅದನ್ನು ತಾನಾಗಿ ತುಂಬುವ ಕೋಡ್ ಬರೆದರೆ ಕೆಟ್ಟಿತು. ಕ್ರೈಸ್ತರ ಕಾಗದ ಕನ್ನಡ ಲಿಪಿಯ ಕೊಂಕಣಿಯಲ್ಲಿರಬಹುದು. ಬ್ಯಾರಿ ಕುಟುಂಬಕ್ಕೆ 'ಮುಹೂರ್ತ'ದ ಜಾಗದಲ್ಲಿ 'ನಿಖಾ' ಬೇಕು. ಆದ್ದರಿಂದ ಈ ಪದಗಳು ಕೋಡಿನೊಳಗೆ ಇರಬಾರದು, ಟೆಂಪ್ಲೇಟಿನ ಡೇಟಾ ಆಗಿರಬೇಕು.

ಇನ್ನು 'ದಿ|'. ತೀರಿಕೊಂಡ ತಂದೆಯ ಹೆಸರಿಗೆ ಅದು ಬಿಟ್ಟುಹೋದರೆ ಬೇಸರ. ಬದುಕಿರುವವರ ಹೆಸರಿಗೆ ಬಿದ್ದರೆ ಮದುವೆಮನೆಯಲ್ಲಿ ಮುಖ ಎತ್ತುವಂತಿಲ್ಲ. ಪ್ರತಿ ಹಿರಿಯರಿಗೂ ಪ್ರತ್ಯೇಕ ಚೆಕ್‌ಬಾಕ್ಸ್ ಇರಲಿ, ಮೊದಲು ಖಾಲಿಯಾಗಿರಲಿ.

ದಿನಾಂಕ

ಇಂಥ ತಲೆನೋವು ನಮ್ಮೂರಿಗೆ ಮಾತ್ರ ಸೀಮಿತ ಅಲ್ಲ. ಯಹೂದಿಗಳ ಮದುವೆ ಒಪ್ಪಂದಪತ್ರ 'ಕೆತುಬಾ'ವನ್ನು ಆನ್‌ಲೈನಿನಲ್ಲಿ ಆರ್ಡರ್ ಮಾಡುವ ಸೈಟುಗಳಿವೆ. ಸಾಂಪ್ರದಾಯಿಕ ಪಠ್ಯ ಅರಾಮಿಕ್ ಭಾಷೆಯದು, ಬಲದಿಂದ ಎಡಕ್ಕೆ ಬರೆಯುವ ಹೀಬ್ರೂ ಲಿಪಿಯಲ್ಲಿ. ಅವರ ಪಂಚಾಂಗದಲ್ಲಿ ದಿನ ಶುರುವಾಗುವುದು ಸೂರ್ಯಾಸ್ತಕ್ಕೆ. ಹಾಗಾಗಿ ಫಾರ್ಮ್ ಬರೀ ತಾರೀಕು ಕೇಳಿದರೆ ಆಗದು, ಮದುವೆ ಸೂರ್ಯಾಸ್ತಕ್ಕೆ ಮೊದಲೋ ನಂತರವೋ ಎಂದೂ ಕೇಳಬೇಕು.

ನಮ್ಮ ಪಂಚಾಂಗದಲ್ಲಿ ವಾರ ಸೂರ್ಯೋದಯಕ್ಕೆ ಬದಲಾಗುತ್ತದೆ. ಸೋಮವಾರ ನಸುಕಿನ 4 ಗಂಟೆ ಅಂದರೆ ಪಂಚಾಂಗಕ್ಕೆ ಇನ್ನೂ ಆದಿತ್ಯವಾರ. ಕ್ಯಾಲೆಂಡರಿನ ತಾರೀಕಿಗೆ ವಾರ ಸರಿಯಿದೆಯೇ ಎಂದು ಕೋಡ್ ನೋಡಲಿ. ತಿಥಿ, ಸೌರಮಾಸಗಳನ್ನು ಮನೆಯವರೇ ಟೈಪ್ ಮಾಡಲಿ.

ಅಕ್ಷರ

'ವಿಷ್ಣು' ನಮ್ಮ ಕಣ್ಣಿಗೆ ಎರಡಕ್ಷರ. ಯುನಿಕೋಡಿನಲ್ಲಿ ಆರು ಕೋಡ್ ಪಾಯಿಂಟ್, ಯುಟಿಎಫ್-8ರಲ್ಲಿ 18 ಬೈಟ್. ಹೆಸರಿಗೆ 20ರ ಮಿತಿ ಹಾಕಿದರೆ ಉದ್ದದ ಹೆಸರು ಒತ್ತಕ್ಷರದ ನಡುವೆಯೇ ತುಂಡಾಗುತ್ತದೆ. 'ರಾಜ್‌ಕುಮಾರ್' ಹೀಗೆ ಬಿಡಿಯಾಗಿ ಕಾಣುವುದು ನಡುವೆ ಝೀರೋ ವಿಡ್ತ್ ನಾನ್-ಜಾಯಿನರ್ ಎಂಬ ಕಾಣದ ಅಕ್ಷರ ಇರುವುದರಿಂದ. 'ಕಾಣದ ಅಕ್ಷರ ತೆಗೆಯುವ' ಫಂಕ್ಷನ್ ಹಾಕಿದಿರೋ, ಅದು 'ರಾಜ್ಕುಮಾರ್' ಆಗಿಬಿಡುತ್ತದೆ.

2024ರ ಯುನಿಕೋಡ್ 16ರಲ್ಲಿ ತುಳು-ತಿಗಳಾರಿ ಲಿಪಿಯೂ ಸೇರಿದೆ. ಅದರ ಅಕ್ಷರಗಳಿಗೆ ತಲಾ ನಾಲ್ಕು ಬೈಟ್ ಬೇಕು. ಮೈಎಸ್‌ಕ್ಯೂಎಲ್‌ನ ಹಳೆಯ 'ಯುಟಿಎಫ್8' ಮೂರಕ್ಕೇ ನಿಲ್ಲುತ್ತದೆ, 'ಯುಟಿಎಫ್8ಎಂಬಿ4' ಆರಿಸಿಕೊಳ್ಳಿ.

ಪ್ರೂಫ್

ಪ್ರೆಸ್ಸಿನಲ್ಲಿ ನುಡಿಯ ಹಳೆಯ ಫಾಂಟ್ ಇದ್ದರೆ ನಮ್ಮ ಯುನಿಕೋಡ್ ಪಠ್ಯ ನೇರ ಹೊಂದದು. ಆಗ ಡಿಟಿಪಿಯವರು ಮತ್ತೆ ಟೈಪ್ ಮಾಡುತ್ತಾರೆ, ತಪ್ಪು ನುಸುಳುವುದು ಅಲ್ಲೇ. ಆದ್ದರಿಂದ ಪ್ರೆಸ್ಸಿಗೆ ಹೋಗಬೇಕಾದದ್ದು ಫಾಂಟ್ ಎಂಬೆಡ್ ಆದ ಪಿಡಿಎಫ್. ಕೆಲವು ಪಿಡಿಎಫ್ ಲೈಬ್ರರಿಗಳಿಗೆ ಒತ್ತಕ್ಷರ ಕೂಡಿಸಲು ಬರುವುದಿಲ್ಲ. ಪುಟವನ್ನು ಎಚ್‌ಟಿಎಂಎಲ್‌ನಲ್ಲಿ ಮಾಡಿ ಕ್ರೋಮ್ ಮೂಲಕ ಪಿಡಿಎಫ್ ತೆಗೆಯುವುದು ಸುಲಭದ ದಾರಿ.

ಆರ್ಡರಿಗೆ ನಾಲ್ಕು ಹಂತ ಇರಲಿ: ಕರಡು, ಪ್ರೂಫ್, ಒಪ್ಪಿಗೆ, ಮುದ್ರಣ. ಒಪ್ಪಿಗೆ ಎರಡೂ ಮನೆಯವರಿಂದ ಬೇಕು. ನಂತರ ಒಂದಕ್ಷರ ತಿದ್ದಿದರೂ ಎರಡೂ ಒಪ್ಪಿಗೆ ರದ್ದಾಗಿ ಆರ್ಡರ್ ಮತ್ತೆ ಪ್ರೂಫಿಗೆ ಬರಬೇಕು. ಪ್ರೂಫಿನ ಚಿತ್ರ ವಾಟ್ಸಾಪಿನಲ್ಲಿ ಹೋಗಲಿ. ಕಾಗದದ ತಪ್ಪು ಹಿಡಿಯುವುದು ಮನೆಯ ಅಜ್ಜ ಅಥವಾ ದೊಡ್ಡಮ್ಮ. ಅವರಿಗೆ ಲಾಗಿನ್, ಪಾಸ್‌ವರ್ಡ್ ಅಂತ ಹೇಳಿದರೆ ನೋಡದೆಯೇ "ಸರಿ ಉಂಟು" ಅಂದುಬಿಡುತ್ತಾರೆ.

ತುಳುವರಲ್ಲಿ ಆಟಿ ತಿಂಗಳಲ್ಲಿ ಮದುವೆ ಮಾಡುವ ವಾಡಿಕೆ ಇಲ್ಲ. ಆಗ ಆರ್ಡರ್ ಕಡಿಮೆ, ಪ್ರೆಸ್ಸಿನವರಿಗೆ ಮಾತಾಡಲು ಪುರುಸೊತ್ತು. ಹಳೆಯ ಕಾಗದಗಳನ್ನು ಕೇಳಿ ನೋಡಿ, ಕಾಲಂಗಳನ್ನು ಪಟ್ಟಿ ಮಾಡಿ, ಆಮೇಲೆ ಕೋಡ್ ಶುರು ಮಾಡೋಣ. ಹೊಸ ವರ್ಷನ್ ಏರಿಸಲಿಕ್ಕೂ ಅದೇ ಒಳ್ಳೆಯ ತಿಂಗಳು.