ಕೊಡ ಇಳಿಸಿದ ಮೇಲೆ

ನಮ್ಮೂರು ಸೊನ್ನ. ಅಫಜಲಪುರ ತಾಲ್ಲೂಕು. ಹತ್ತಿರದಲ್ಲೇ ಭೀಮಾ ನದಿ ಇದೆ. ನದಿಗೆ ಬ್ಯಾರೇಜೂ ಇದೆ. ಆದರೂ ನಳ ಬಂದ್ ಆದ ದಿನ ಕೊಡ ಹೊರುವವರು ನಾವೇ, ಹೆಂಗಸರು.

ಒಂದು ಲೀಟರ್ ನೀರಿನ ತೂಕ ಒಂದು ಕಿಲೋ. 15 ಲೀಟರ್ ಹಿಡಿಯುವ ಕೊಡ ತುಂಬಿದರೆ 15 ಕಿಲೋ ನೀರು. ಹತ್ತು ಕೊಡ ತಂದರೆ 150 ಕಿಲೋ. ಒಂದೂವರೆ ಕ್ವಿಂಟಲ್ ಆಯಿತಲ್ಲ!

ಇಷ್ಟು ಹೊತ್ತು, ಕಟ್ಟೆ ಮೇಲೆ ಎರಡು ನಿಮಿಷ ಕೂತರೆ ಏನಂತಾರೆ? “ಏನವಾ, ಕುಂತೇಬಿಟ್ಟಿ? ಮೈಗಳ್ಳಿ!” ಹಂಗ ಅಂದೋರನ್ನ ಎದುರಿಗೆ ಕೂಡಿಸಿಕೊಂಡು ಈ ಪಾಠ ಜೋರಾಗಿ ಓದಿರಿ.

ನದಿಯ ಉಸುಕಿನಲ್ಲಿ ಒರತಿ ತೋಡುವುದು ನಿಮಗೆ ಗೊತ್ತು. ಚರಿಗೆಯಿಂದ ಬಳಿದರೆ ಒರತಿ ಬರಿದಾಗುತ್ತದೆ. ತುಸು ತಡೆದರೆ ನೀರು ಮತ್ತೆ ಬಂದು ನಿಲ್ಲುತ್ತದೆ. ತಡೆಯದೆ ಚರಿಗೆ ಹಾಕಿದರೆ ಬರುವುದು ಉಸುಕೇ.

ನಮ್ಮ ತೋಳು, ತೊಡೆ, ಬೆನ್ನಿನ ಮಾಂಸಖಂಡವೂ ಹಂಗೇ. ಭಾರ ಎತ್ತುವ ಶಕ್ತಿ ಅದರಲ್ಲಿ ಸ್ವಲ್ಪವೇ ಸಿದ್ಧವಾಗಿರುತ್ತದೆ. ಬಲ ಹಾಕಿ ಎತ್ತಿದರೆ ಸುಮಾರು ಹತ್ತು ಸೆಕೆಂಡಿನಲ್ಲಿ ಬಹುಪಾಲು ಮುಗಿಯುತ್ತದೆ. ಅರ್ಧ ನಿಮಿಷ ತಡೆದರೆ ಸುಮಾರು ಅರ್ಧ ತುಂಬುತ್ತದೆ. ಪೂರಾ ತುಂಬಲು ಮೂರರಿಂದ ಐದು ನಿಮಿಷ ಬೇಕು.

ಜಾತ್ರೆಯಲ್ಲಿ ಗುಂಡುಕಲ್ಲು ಎತ್ತುವ ಪೈಲ್ವಾನರನ್ನು ನೋಡಿರಿ. ಕಲ್ಲು ಇಳಿಸಿ ನಾಲ್ಕು ಹೆಜ್ಜೆ ಅಡ್ಡಾಡುತ್ತಾರೆ. ಉಸಿರು ಹದಕ್ಕೆ ಬಂದ ಮೇಲೇ ಮತ್ತೆ ಕೈ ಹಾಕುತ್ತಾರೆ. ಅವರಿಗೆ ಮೈಗಳ್ಳ ಅಂತಾರೇನು?

ಕುಂದಾಪುರ ತಾಲ್ಲೂಕಿನ ಗುರುರಾಜ ಪೂಜಾರಿ ಭಾರ ಎತ್ತುವ ಪಟು. 2018ರಲ್ಲಿ ಆಸ್ಟ್ರೇಲಿಯಾದ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಹೋಗಿದ್ದರು. ತಲೆ ಮೇಲೆ ಭಾರ ಎತ್ತುವಾಗ ಎರಡು ಸಲ ಆಗಲಿಲ್ಲ. ಮೂರನೇ ಸಲ 138 ಕಿಲೋ ಎತ್ತಿದರು. ಬೆಳ್ಳಿ ಪದಕ ಬಂತು. ಆ ಆಟದಲ್ಲಿ ಒಂದು ನಿಯಮವಿದೆ. ಒಬ್ಬರೇ ಬೆನ್ನುಬೆನ್ನಿಗೆ ಎತ್ತಬೇಕಾದರೆ ಎರಡು ನಿಮಿಷ ಕೊಡುತ್ತಾರೆ. ಹೆಂಗಸರಿಗೂ ಅದೇ ನಿಯಮ. ಆಂಧ್ರದ ಕರ್ಣಂ ಮಲ್ಲೇಶ್ವರಿ 2000ದಲ್ಲಿ ಇದೇ ಆಟದಲ್ಲಿ ಒಲಿಂಪಿಕ್ ಪದಕ ಗೆದ್ದರು. ಒಲಿಂಪಿಕ್ ಪದಕ ಗೆದ್ದ ಭಾರತದ ಮೊದಲ ಹೆಣ್ಣುಮಗಳು ಅವರೇ.

ಹಾಗಾದರೆ ನಾವು ಎಷ್ಟು ಹೊತ್ತು ಕೂಡಬೇಕು? ಹಗುರ ಕೆಲಸಕ್ಕೆ ಒಂದು ನಿಮಿಷ ಸಾಕು. ತುಂಬಿದ ಕೊಡ, ಮಣ್ಣಿನ ಬುಟ್ಟಿ, ಜೋಳದ ಚೀಲಕ್ಕೆ ಎರಡು ಮೂರು ನಿಮಿಷ ಬೇಕು. ಗಡಿಯಾರದಲ್ಲಿ ಬೇಗ ಓಡುವ ಸಣಕಲು ಮುಳ್ಳು ಇದೆಯಲ್ಲ, ಅದು ಒಂದು ಸುತ್ತು ಬಂದರೆ ಒಂದು ನಿಮಿಷ. ಗಡಿಯಾರ ಇಲ್ಲವೇ? ಪಕ್ಕದವರ ಸಂಗಡ ಮಾತಾಡಿ ನೋಡಿರಿ. ಏದುಸಿರು ಇಲ್ಲದೆ ಒಂದು ಮಾತು ಪೂರಾ ಆಡಲು ಬಂದರೆ ಏಳಿರಿ.

ಕೂಲಿ ಕೆಲಸದಲ್ಲಿ ಮೇಸ್ತ್ರಿ ಕೂಡಲು ಬಿಡುವುದಿಲ್ಲ ಅನ್ನುತ್ತೀರಿ. ನಿಜ. ಅಲ್ಲಿ ಇಬ್ಬರು ಜೋಡಿಯಾಗಿರಿ. ಒಬ್ಬರು ಬುಟ್ಟಿ ತುಂಬಲಿ, ಒಬ್ಬರು ಹೊರಲಿ. ಸ್ವಲ್ಪ ಹೊತ್ತಿಗೆ ಬದಲಾಯಿಸಿರಿ. ಕೆಲಸವೂ ನಿಲ್ಲದು, ಬೆನ್ನೂ ಆರುತ್ತದೆ. ನಮ್ಮ ಕಡೆ ಬಿಸಿಲು ಕೆಟ್ಟದ್ದು. ನೆರಳಲ್ಲಿ ಕೂತು ನೀರು ಕುಡಿಯಿರಿ.

ಬಸುರಿ, ಬಾಣಂತಿಯರು ಭಾರ ಎತ್ತಲೇಬಾರದು. ಕೂತರೂ ಎದೆನೋವು, ತಲೆಸುತ್ತು ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿರಿ. ಮೈಯಿಂದ ಏನೋ ಜಾರಿದ ಹಂಗಾದರೆ ನಾಚದೆ ಆಶಾ ಕಾರ್ಯಕರ್ತೆಗೆ ಹೇಳಿರಿ.

ಲೆಕ್ಕ ಮಾಡಿರಿ: ನಿಮ್ಮ ಕೊಡ ಎಷ್ಟು ಲೀಟರಿನದು? ದಿನಕ್ಕೆ ಎಷ್ಟು ಕೊಡ ತರುತ್ತೀರಿ? ಒಟ್ಟು ಎಷ್ಟು ಕಿಲೋ? ಕೊಡಕ್ಕೆ ಎರಡು ನಿಮಿಷದಂತೆ ಕೂತರೆ ಒಟ್ಟು ಎಷ್ಟು ನಿಮಿಷ? ಬರೆದು ಮನೆಯವರಿಗೆ ತೋರಿಸಿರಿ.