ಹಳೇ ಟ್ಯಾಪ್‌ಗಳ ಡಬ್ಬಿ: ಯಾವುದು ಯಾವ ಅಳತೆ?

ಗುಜರಿ ಅಂಗಡಿಯಲ್ಲೋ, ಮುಚ್ಚಿಹೋದ ವರ್ಕ್‌ಶಾಪಿನ ಹರಾಜಿನಲ್ಲೋ ಅಗ್ಗಕ್ಕೆ ಸಿಗುವ, ತೂತಿನೊಳಗೆ ಬೋಲ್ಟಿಗೆ ಹಲ್ಲು ಕೊರೆಯುವ ಥ್ರೆಡ್ ಟ್ಯಾಪ್‌ಗಳ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಪದ್ಧತಿಯವು ಬೆರೆತಿರುತ್ತವೆ. ಬ್ರಿಟನ್ನಿನ ಜೋಸೆಫ್ ವಿಟ್‌ವರ್ತ್ 1841ರಲ್ಲಿ ರೂಪಿಸಿದ 55 ಡಿಗ್ರಿ ಕೋನದ ಇಂಚಿನ ಥ್ರೆಡ್ ಒಂದು. ಎರಡನೇ ಮಹಾಯುದ್ಧದ ನಂತರ ಅಮೆರಿಕ, ಬ್ರಿಟನ್ ಮತ್ತು ಕೆನಡಾ ಕೂಡಿ ಒಪ್ಪಿಕೊಂಡ 60 ಡಿಗ್ರಿಯ ಯೂನಿಫೈಡ್ ಥ್ರೆಡ್ ಇನ್ನೊಂದು. ಮೂರನೆಯದು, ಇಂದು ಯಾವ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುವ ಮೆಟ್ರಿಕ್. ಮೇಲ್ನೋಟಕ್ಕೆ ಎಲ್ಲವೂ ಒಂದೇ ಥರ. ವ್ಯತ್ಯಾಸ ಗೊತ್ತಾಗುವುದು ಕೊರೆದ ತೂತಿಗೆ ಹಾಕಿದ ಬೋಲ್ಟು ಎರಡು ಸುತ್ತು ಹೋಗಿ ಕಚ್ಚಿಕೊಂಡಾಗ.

ವಿಂಗಡಣೆಗೆ ಕೂರುವ ಮುನ್ನ ಟ್ಯಾಪ್‌ಗಳನ್ನು ಸೀಮೆಎಣ್ಣೆಯಲ್ಲೋ ಡೀಸೆಲ್‌ನಲ್ಲೋ ನೆನೆಸಿ, ಹಿತ್ತಾಳೆ ಬ್ರಷ್‌ನಿಂದ ಉಜ್ಜಿ ಒರೆಸಿ. ತುಕ್ಕಿನಡಿ ಮುಚ್ಚಿಹೋದ ಅಕ್ಷರಗಳು ಹಿಡಿಯ ಮೇಲೆ ಕಾಣತೊಡಗುತ್ತವೆ. ‘ಎಂ8 × 1.25’ ಎಂದಿದ್ದರೆ 8 ಮಿ.ಮೀ. ವ್ಯಾಸ, ಒಂದು ಹಲ್ಲಿನಿಂದ ಮುಂದಿನ ಹಲ್ಲಿಗೆ 1.25 ಮಿ.ಮೀ. ಅಂತರ, ಅಂದರೆ ಪಿಚ್. ‘1/4–20’ ಎಂದಿದ್ದರೆ ಕಾಲು ಇಂಚು ವ್ಯಾಸ, ಇಂಚಿಗೆ 20 ಹಲ್ಲು. ‘ಎಲ್‌ಎಚ್’ ಇದ್ದರೆ ಅದು ಎಡ ಥ್ರೆಡ್. ಸೈಕಲ್ಲಿನ ಎಡಗಡೆ ಪೆಡಲ್ಲಿಗೆ ಇಂಥದ್ದೇ ಬೇಕು. ‘ಎಚ್‌ಎಸ್‌ಎಸ್’ ಗುರುತಿರುವುದು ಹೈಸ್ಪೀಡ್ ಸ್ಟೀಲ್. ಆ ಗುರುತಿಲ್ಲದ ಹಳೆಯವು ಬಹುಪಾಲು ಕಾರ್ಬನ್ ಸ್ಟೀಲ್. ಅಲ್ಯೂಮಿನಿಯಂ, ಹಿತ್ತಾಳೆಗೆ ಅವೂ ನಡೆಯುತ್ತವೆ.

ಅಕ್ಷರ ಅಳಿಸಿಹೋದದ್ದೇ ನಿಜವಾದ ತಲೆನೋವು. ಇಲ್ಲಿ ಬಹುತೇಕರು ಕ್ಯಾಲಿಪರ್‌ನಲ್ಲಿ ವ್ಯಾಸ ನೋಡಿ ತೀರ್ಪು ಕೊಟ್ಟುಬಿಡುತ್ತಾರೆ. ಅದು ಸಾಲದು. 5/16 ಇಂಚು ಎಂದರೆ 7.94 ಮಿ.ಮೀ.; ಎಂ8 ಟ್ಯಾಪಿಗೂ ಅದಕ್ಕೂ ಕೂದಲೆಳೆಯ ಅಂತರ. ಸವೆದ ಟ್ಯಾಪಿನಲ್ಲಿ ಆ ಅಂತರವೂ ಉಳಿದಿರುವುದಿಲ್ಲ. ಆದರೆ 5/16ರ ಸಾಮಾನ್ಯ ಥ್ರೆಡ್ಡಿನಲ್ಲಿ ಇಂಚಿಗೆ 18 ಹಲ್ಲು, ಅಂದರೆ ಪಿಚ್ 1.41 ಮಿ.ಮೀ.; ಎಂ8ರದ್ದು 1.25. ಎರಡನ್ನೂ ಬೇರ್ಪಡಿಸುವುದು ಪಿಚ್ ಮಾತ್ರ.

ಪಿಚ್ ನೋಡಲು ಥ್ರೆಡ್ ಗೇಜ್ ಬೇಕು. ಗರಗಸದಂಥ ಅಂಚಿನ ಪುಟ್ಟ ಎಲೆಗಳ ಗೊಂಚಲು ಅದು. 60 ಡಿಗ್ರಿಯ ಮೆಟ್ರಿಕ್ ಮತ್ತು 55 ಡಿಗ್ರಿಯ ವಿಟ್‌ವರ್ತ್ ಎಲೆಗಳು ಒಟ್ಟಿಗಿರುವ ಗೇಜ್ ತೆಗೆದುಕೊಳ್ಳುವುದು ಮೇಲು. ಎಲೆಯನ್ನು ಹಲ್ಲುಗಳ ಮೇಲೆ ಕೂರಿಸಿ ಕಿಟಕಿಯ ಬೆಳಕಿಗೆ ಹಿಡಿಯಿರಿ. ಸಂದಿಯಿಂದ ಬೆಳಕು ಹಾಯದಿದ್ದರೆ ಅದೇ ಪಿಚ್. ಗೇಜ್ ಇಲ್ಲವೆಂದರೆ ಅಂಗಡಿಯಿಂದ ಹೊಸ ಎಂ6, ಎಂ8, ಎಂ10 ಬೋಲ್ಟುಗಳನ್ನು ತಂದು, ಅವುಗಳ ಹಲ್ಲನ್ನು ಟ್ಯಾಪಿನ ಹಲ್ಲಿಗೆ ಒತ್ತಿ ಹಿಡಿದು ಇದೇ ಪರೀಕ್ಷೆ ಮಾಡಬಹುದು. ನಾಲ್ಕೈದು ಹಲ್ಲು ಹೊಂದಿದರೆ ಸಾಲದು. ಪಿಚ್ ಸ್ವಲ್ಪವೇ ಬೇರೆಯಿದ್ದರೆ ತಪ್ಪು ಬಯಲಾಗುವುದು ಹತ್ತನೇ ಹಲ್ಲಿನ ಹೊತ್ತಿಗೆ.

ವ್ಯಾಸ ಅಳೆಯುವಾಗ ತುದಿಯ ಇಳಿಜಾರನ್ನು ಬಿಟ್ಟು ಪೂರ್ತಿ ಹಲ್ಲಿರುವ ಕಡೆ ಕ್ಯಾಲಿಪರ್ ಹಿಡಿಯಬೇಕು. ಮೂರು ಕೊರಕಲಿನ ಟ್ಯಾಪಿನಲ್ಲಿ ಹಲ್ಲುಗಳು ಎದುರುಬದುರು ಇರುವುದಿಲ್ಲವಾದ್ದರಿಂದ ಅಳತೆ ಕಡಿಮೆ ಬರುತ್ತದೆ. ನಾಲ್ಕು ಕೊರಕಲಿನದಕ್ಕೆ ಆ ತೊಂದರೆಯಿಲ್ಲ. ಪೈಪಿನ ಟ್ಯಾಪ್ ಇನ್ನೊಂದು ಬಲೆ: ಮನೆಯ ನಲ್ಲಿಗೆ ಬಳಸುವ ಅರ್ಧ ಇಂಚಿನ ಬಿಎಸ್‌ಪಿ ಥ್ರೆಡ್ಡಿನ ವ್ಯಾಸ ಸುಮಾರು 21 ಮಿ.ಮೀ.! ಆ ಅರ್ಧ ಇಂಚು ಪೈಪಿನ ಒಳಗಿನ ಅಳತೆಯಿಂದ ಬಂದದ್ದು.

ಕೈಯಿಂದ ತಿರುಗಿಸುವ ಟ್ಯಾಪ್‌ಗಳು ಹೆಚ್ಚಾಗಿ ಮೂರರ ಸೆಟ್ಟಿನಲ್ಲಿ ಬರುತ್ತವೆ. ಉದ್ದ ಇಳಿಜಾರಿನದು ಮೊದಲನೆಯದು, ಮೊಂಡು ತುದಿಯದು ಕೊನೆಯದು. ಕೆಲವು ಸೆಟ್ಟುಗಳಲ್ಲಿ ಹಿಡಿಯ ಮೇಲೆ ಬಳೆಯಂಥ ಗೆರೆಗಳಿರುತ್ತವೆ: ಒಂದು ಗೆರೆ ಮೊದಲನೆಯದಕ್ಕೆ, ಎರಡು ಗೆರೆ ಎರಡನೆಯದಕ್ಕೆ, ಗೆರೆ ಇಲ್ಲದ್ದು ಕೊನೆಯದು. ಇಂಥ ಸೆಟ್ಟಿನ ಮೊದಲೆರಡು ಟ್ಯಾಪ್‌ಗಳ ವ್ಯಾಸವನ್ನೇ ಕಡಿಮೆ ಇಟ್ಟಿರುತ್ತಾರೆ. ಒಂದು ಗೆರೆಯದನ್ನಷ್ಟೇ ಹಾಕಿ ನಿಲ್ಲಿಸಿದರೆ ಬೋಲ್ಟು ಇಳಿಯದು. ಹೀಗಾಗಿ ಮೂರನ್ನೂ ರಬ್ಬರ್ ಬ್ಯಾಂಡ್ ಹಾಕಿ ಒಟ್ಟಿಗಿಡುವುದೇ ಸರಿ. ಕೊರಕಲು ಸುರುಳಿಯಾಗಿದ್ದರೆ ಅದು ಸಾಮಾನ್ಯವಾಗಿ ಮೆಷಿನ್ ಟ್ಯಾಪ್. ಲೋಹದ ತುರಿಯನ್ನು ಮೇಲಕ್ಕೆಳೆಯುವುದರಿಂದ ತಳ ಮುಚ್ಚಿದ ತೂತಿಗೆ ಒಳ್ಳೆಯದು.

ಗುರುತಿಸಿದ್ದೆಲ್ಲ ಬಳಸಲು ಯೋಗ್ಯವಲ್ಲ. ಭೂತಗನ್ನಡಿಯಲ್ಲಿ ಹಲ್ಲಿನ ಅಂಚು ನೋಡಿ. ಚೂಪಾದ ಅಂಚು ಬೆಳಕಿಗೆ ಕಾಣುವುದಿಲ್ಲ; ಅಂಚಿನಲ್ಲಿ ಬಿಳಿ ಗೆರೆ ಹೊಳೆದರೆ ಅದು ಮೊಂಡಾಗಿದೆ ಎಂದೇ ಅರ್ಥ. ಒಂದೆರಡು ಹಲ್ಲು ಮುರಿದದ್ದು, ತುಕ್ಕಿಗೆ ಅಂಚೇ ಹಳ್ಳಬಿದ್ದದ್ದು ನೇರ ಗುಜರಿಗೆ. ಇದರಲ್ಲಿ ಜಿಪುಣತನ ಬೇಡ. ಟ್ಯಾಪು ಗಟ್ಟಿ, ಆದರೆ ಪೆಡಸು. ತೂತಿನೊಳಗೆ ಮುರಿದರೆ ಮಾಮೂಲಿ ಡ್ರಿಲ್ ಬಿಟ್ಟಿನಿಂದ ಅದನ್ನು ಕೊರೆದು ತೆಗೆಯಲಾಗದು.

ಪಾಸಾದವುಗಳನ್ನು ಒಂದೇ ಡಬ್ಬಿಗೆ ಸುರಿದರೆ ಒಂದಕ್ಕೊಂದು ತಾಗಿ ಅಂಚು ಹಾಳು. ಮರದ ತುಂಡಿನಲ್ಲಿ ತೂತು ಕೊರೆದು ಅಳತೆವಾರು ನಿಲ್ಲಿಸಿ, ಪಕ್ಕದ ತೂತಿನಲ್ಲಿ ಅದಕ್ಕೊಪ್ಪುವ ಡ್ರಿಲ್ ಬಿಟ್ ಇಡಿ. ಮೆಟ್ರಿಕ್‌ನಲ್ಲಿ ಲೆಕ್ಕ ಸುಲಭ: ವ್ಯಾಸದಲ್ಲಿ ಪಿಚ್ ಕಳೆದರೆ ಡ್ರಿಲ್ ಅಳತೆ. ಎಂ5ಕ್ಕೆ 4.2, ಎಂ6ಕ್ಕೆ 5, ಎಂ8ಕ್ಕೆ 6.8, ಎಂ10ಕ್ಕೆ 8.5 ಮಿ.ಮೀ. ಇಂಚಿನವಕ್ಕೆ ಬೇರೆಯದೇ ಮರದ ತುಂಡು ಇರಲಿ. ಕರಾವಳಿ, ಮಲೆನಾಡಿನ ಮನೆಗಳಲ್ಲಾದರೆ ಮಳೆಗಾಲಕ್ಕೆ ಮುಂಚೆ ಎಣ್ಣೆ ಸವರಲೇಬೇಕು.

ಮನೆಯ ರಿಪೇರಿಗೆ ಎಂ3ರಿಂದ ಎಂ10ರವರೆಗಿನ ಆರು ಅಳತೆಗಳು ಬಹುಮಟ್ಟಿಗೆ ಸಾಕು. ಕ್ಯಾಮೆರಾ ಟ್ರೈಪಾಡ್ ಮುಟ್ಟುವವರು 1/4–20 ಒಂದನ್ನು ಸೇರಿಸಿಕೊಳ್ಳಬಹುದು. ಇವುಗಳಲ್ಲಿ ಡಬ್ಬಿಯಲ್ಲಿ ಸಿಗದ್ದನ್ನು ಎಚ್‌ಎಸ್‌ಎಸ್‌ನಲ್ಲೇ ಬಿಡಿಯಾಗಿ ಕೊಳ್ಳಿ. ಹತ್ತಾರು ಅಳತೆಗಳನ್ನು ತುಂಬಿ ಅಗ್ಗಕ್ಕೆ ಮಾರುವ ಹೆಸರಿಲ್ಲದ ಸೆಟ್ಟುಗಳಿಗಿಂತ ಅದೇ ಲಾಭ.